ಚರ್ಚೆಯನ್ನು ಮುಂದೂಡಬೇಕೇ? – ಒಂಬತ್ತನೇ ತರಗತಿಯ ಒಂದು ಪಾಠಾನುಭವ

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಕೇಶ್ವಾಪುರದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ಮೂರನೆಯ ವಾರ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದರು. ಒಂಬತ್ತನೇ ತರಗತಿಯ ಎರಡು ಅವಧಿಗಳು ನನಗೆ ಬಂದವು. ಶಾಲಾ ಸಂಸತ್ತಿನ ಚುನಾವಣೆ ಹತ್ತಿರವಿದ್ದುದರಿಂದ ಈ ವಿಷಯ ಆರಿಸಿಕೊಂಡೆ: ಆರ್ಥಿಕ ಬಿಕ್ಕಟ್ಟಿನ ಹೊತ್ತಿನಲ್ಲಿ ಅಭ್ಯರ್ಥಿಗಳು ಬಹಿರಂಗ ಚರ್ಚೆಯನ್ನು ಮುಂದೂಡಬೇಕೇ?

ಉದ್ದೇಶ: ಒಂದು ನಿರ್ಧಾರವನ್ನು ಅದರ ಕಾರಣಗಳಿಂದ ಅಳೆಯಲು ಕಲಿಯುವುದು.

ಪ್ರಸಂಗದ ಪರಿಚಯ: 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೆಹ್ಮನ್ ಬ್ರದರ್ಸ್ ಬ್ಯಾಂಕು ದಿವಾಳಿ ಅರ್ಜಿ ಸಲ್ಲಿಸಿತು. ಸರ್ಕಾರ 70,000 ಕೋಟಿ ಡಾಲರ್‌ಗಳ ನೆರವಿನ ಯೋಜನೆ ಮುಂದಿಟ್ಟಿತು. ಅಧ್ಯಕ್ಷ ಚುನಾವಣೆಯ ಮೊದಲ ಚರ್ಚೆ ಸೆಪ್ಟೆಂಬರ್ 26ರಂದು ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ನಡೆಯಬೇಕಿತ್ತು. ಎರಡು ದಿನ ಮೊದಲು ಜಾನ್ ಮೆಕೇನ್ ಪ್ರಚಾರ ನಿಲ್ಲಿಸುವುದಾಗಿ ಹೇಳಿ, ಚರ್ಚೆ ಮುಂದೂಡಲು ಕೋರಿದರು. ಅಧ್ಯಕ್ಷರಾದವರು ಒಂದಕ್ಕಿಂತ ಹೆಚ್ಚು ಕೆಲಸಗಳನ್ನು ಒಟ್ಟಿಗೆ ನಿಭಾಯಿಸಬೇಕು ಎಂಬುದು ಬರಾಕ್ ಒಬಾಮ ಅವರ ನಿಲುವು. ಕೊನೆಗೆ ಚರ್ಚೆ ಅದೇ ದಿನ ನಡೆಯಿತು.

ನನ್ನ ಮೊದಲ ತಪ್ಪು: ಕಥೆಯ ಓಘದಲ್ಲಿ ಒಬಾಮ ಗೆದ್ದದ್ದನ್ನೂ ಹೇಳಿಬಿಟ್ಟೆ. "ಗೆದ್ದಾರಲ್ರಿ, ಅವರದ ಖರೆ" ಎಂದಿತು ತರಗತಿ. ಚರ್ಚೆ ಎರಡೇ ನಿಮಿಷದಲ್ಲಿ ಮುಗಿಯಿತು. ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ: ಇಂಥ ಪಾಠದಲ್ಲಿ ಫಲಿತಾಂಶವನ್ನು ಕೊನೆಗೆ ಇಟ್ಟುಕೊಳ್ಳಿ.

ಪಾಠದ ತಿರುವು: ಆಗ "ಹೌದು, ಅಲ್ಲ" ಎಂಬ ಪ್ರಶ್ನೆ ಅಳಿಸಿ, ಕಪ್ಪುಹಲಗೆಯ ಮೇಲೆ ಮೂರು ಪ್ರಶ್ನೆ ಬರೆದೆ. ಮುಂದೂಡಿದ ಸಮಯದಲ್ಲಿ ಯಾವ ಕೆಲಸ ಆಗುತ್ತದೆ? ಮತ್ತೆ ಯಾವಾಗ? ಕಾಯುವುದರಿಂದ ಯಾರಿಗೆ ನಷ್ಟ?

ಇಬ್ಬರೂ ಸೆನೆಟ್ ಸದಸ್ಯರು, ಮಸೂದೆ ಅಲ್ಲೇ ಬರಬೇಕು, ಹಾಗಾಗಿ ರಾಜಧಾನಿಯಲ್ಲಿರುವುದು ನ್ಯಾಯ ಎಂದಿತು ಒಂದು ಗುಂಪು. ಇನ್ನೊಂದು ಗುಂಪು ದಿನ ಎಣಿಸಿತು: ನವೆಂಬರ್ 4ರ ಮತದಾನಕ್ಕೆ ಉಳಿದದ್ದು 39 ದಿನ, ಮಸೂದೆ ಸೆಪ್ಟೆಂಬರ್ 29ರಂದು ಕೆಳಮನೆಯಲ್ಲಿ ಬಿದ್ದು, ಕಾಯ್ದೆಯಾದದ್ದು ಅಕ್ಟೋಬರ್ 3ಕ್ಕೆ. ಮೆಕೇನ್ ಕಡೆಯವರು ಸೂಚಿಸಿದ್ದ ಹೊಸ ದಿನ ಅಕ್ಟೋಬರ್ 2. ಅಂದು ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆ ನಿಗದಿಯಾಗಿತ್ತು. "ಹಂಗಾದ್ರ ಅವರ ಚರ್ಚೆ ಎಲ್ಲಿಗೆ ಹೋಗಬೇಕ್ರಿ?" ಎಂದ ಹಿಂದಿನ ಬೆಂಚಿನ ಹುಡುಗ.

ವಿಸ್ತರಣೆ: ನಮ್ಮ ದೇಶದ 1991ರ ಉದಾಹರಣೆ ಕೊಟ್ಟೆ. ವಿದೇಶಿ ವಿನಿಮಯ ಬರಿದಾಗುತ್ತಿದ್ದಾಗಲೇ ಲೋಕಸಭಾ ಚುನಾವಣೆ ನಡೆದಿತ್ತು. ಮೇ 21ರಂದು ರಾಜೀವ್ ಗಾಂಧಿಯವರ ಹತ್ಯೆಯಾದಾಗ ಉಳಿದ ಹಂತಗಳ ಮತದಾನ ಜೂನ್‌ಗೆ ಹೋಯಿತು. ಮುಂದೂಡಿಕೆಗೆ ಕಾರಣ ಹತ್ಯೆ, ಹಣದ ಕೊರತೆಯಲ್ಲ. ಹೊಸ ದಿನಗಳೂ ಗೊತ್ತಿದ್ದವು. ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳೇ ಇಲ್ಲಿಗೂ ಅನ್ವಯಿಸಿದರು.

ನನ್ನ ಎರಡನೆಯ ತಪ್ಪು: ಗಂಟೆ ಬಾರಿಸಲು ಮೂರು ನಿಮಿಷವಿತ್ತು. ಎಂದೂ ಕೈ ಎತ್ತದ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ಮನ್ಯಾಗ ರೊಕ್ಕ ಇಲ್ಲದಾಗ ದೊಡ್ಡವರು ಮಕ್ಕಳ ಮುಂದ ಮಾತಾಡಬೇಕೋ, ಆಮ್ಯಾಲೆ ಅಂತ ಸುಮ್ಮನಿರಬೇಕೋ?" ಮೌಲ್ಯಮಾಪನದ ಹಂತ ಬಾಕಿಯಿತ್ತು. ಮಾರ್ಗದರ್ಶಿ ಉಪನ್ಯಾಸಕಿ ಹಿಂದೆ ಕುಳಿತು ಬರೆದುಕೊಳ್ಳುತ್ತಿದ್ದರು. "ನಾಳೆ ನೋಡೋಣ" ಎಂದೆ. ಮರುದಿನ ಕೇಳಿದಾಗ ಅವಳು, "ಏನಿಲ್ರಿ ಟೀಚರ್" ಎಂದು ತಲೆ ತಗ್ಗಿಸಿದಳು.

ಪಾಠದ ನಂತರದ ಚರ್ಚೆಯಲ್ಲಿ ಉಪನ್ಯಾಸಕಿ ಆ ಮೂರು ಪ್ರಶ್ನೆಗಳನ್ನು ನನಗೇ ಕೇಳಿದರು. ಮುಂದೂಡಿ ಮಾಡಿದ ಕೆಲಸ: ಪಾಠಯೋಜನೆಯ ಕೊನೆಯ ಹಂತ ಮುಗಿಸಿದ್ದು. ಮತ್ತೆ ಯಾವಾಗ ಎಂಬುದಕ್ಕೆ "ನಾಳೆ" ಎಂದಿದ್ದೆ, ಆದರೆ ಅವಳ ಪ್ರಶ್ನೆಗೆ ಅಂದೇ ಬಾಯಿ ಬಂದಿತ್ತು. ನಷ್ಟ ಯಾರದು ಎಂಬುದನ್ನು ಅವರು ಹೇಳಬೇಕಾಗಿರಲಿಲ್ಲ.

ಈಗ ಪಾಠಯೋಜನೆಯಲ್ಲಿ ಕೊನೆಯ ಐದು ನಿಮಿಷ ಖಾಲಿ ಬಿಡುತ್ತೇನೆ. ನಿಜವಾಗಿಯೂ ಮುಂದೂಡಬೇಕಾದಾಗ ಪ್ರಶ್ನೆಯನ್ನು ವಿದ್ಯಾರ್ಥಿಯ ಮಾತಿನಲ್ಲೇ ಹಲಗೆಯ ಮೂಲೆಯಲ್ಲಿ ಬರೆದು, ಪಕ್ಕದಲ್ಲಿ ದಿನ ಮತ್ತು ಅವಧಿ ನಮೂದಿಸುತ್ತೇನೆ. ಮನೆಯ ಮಾತು ಎನಿಸಿದರೆ ಬರೆಯದೆ, ಊಟದ ವಿರಾಮದಲ್ಲಿ ನಾನೇ ಹೋಗಿ ಕೇಳುತ್ತೇನೆ.