ಬಾಜಿಗೆ ವಾಕಿಂಗ್ ಸಾಲದು, ಓಟ ಬೇಕು

ಸರ್, ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಫ್ಲ್ಯಾಟು, ಎರಡು ಬೆಡ್‌ರೂಮು. ಯಜಮಾನರ ಊರು ಜಮಖಂಡಿ ಕಡೆ. ಊರಿನ ಅಭಿಮಾನಕ್ಕೆ ಕಳೆದ ವರ್ಷ ಮುಧೋಳದಿಂದ ಒಂದು ಗಂಡುಮರಿ ತಂದರು. ಹೆಸರು ಬಾಜಿ, ಈಗ ಹದಿನಾಲ್ಕು ತಿಂಗಳು. ಬೆಳಿಗ್ಗೆ, ಸಂಜೆ ಮುಕ್ಕಾಲು ಮುಕ್ಕಾಲು ಗಂಟೆ ವಾಕಿಂಗ್ ಮಾಡಿಸುತ್ತೇನೆ. ಆದರೂ ಸೋಫಾದ ಸ್ಪಂಜನ್ನೆಲ್ಲ ಕಿತ್ತುಹಾಕಿದ್ದಾನೆ. ಮೊನ್ನೆ ಬೆಕ್ಕು ಕಂಡವನೇ ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಂಡು ಓಡಿದ. ಸಿಕ್ಕಿದ್ದು ರಾತ್ರಿ ಹತ್ತಕ್ಕೆ. ಬಂದವರು ಮುಟ್ಟಲು ಹೋದರೆ ಗುರ್ರೆನ್ನುತ್ತಾನೆ. ಎಷ್ಟು ತಿನ್ನಿಸಿದರೂ ಪಕ್ಕೆಲುಬು ಕಾಣುತ್ತವೆ, ‘ನಾಯಿಗೆ ಊಟ ಹಾಕಲ್ವಾ?’ ಅಂತ ಪಕ್ಕದ ಮನೆಯವರು ಕೇಳುತ್ತಾರೆ. ಯಜಮಾನರು ಮನೆ ಸೇರುವುದೇ ರಾತ್ರಿ ಒಂಬತ್ತಕ್ಕೆ. ಅತ್ತೆ ‘ಊರಿಗೆ ಕಳಿಸಿಬಿಡು’ ಎನ್ನುತ್ತಾರೆ. ಕಳಿಸಲು ಮನಸ್ಸು ಬರುವುದಿಲ್ಲ, ಇಟ್ಟುಕೊಳ್ಳಲು ನನ್ನ ಕೈಲಾಗುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಮೊದಲು ಪಕ್ಕದ ಮನೆಯವರ ಬಾಯಿ ಮುಚ್ಚಿಸೋಣ. ಮುಧೋಳ ನಾಯಿಗೆ ಕೊನೆಯ ಎರಡು ಮೂರು ಪಕ್ಕೆಲುಬು ಕಾಣಲೇಬೇಕು. ಕಾಣುತ್ತಿಲ್ಲವೆಂದರೆ ಬೊಜ್ಜು ಬಂದಿದೆ ಎಂದರ್ಥ. ಭುಜದವರೆಗೆ 70 ಸೆಂ.ಮೀ. ಎತ್ತರವಿದ್ದರೂ ಗಂಡುನಾಯಿಯ ತೂಕ 25 ಕೆ.ಜಿ. ಆಸುಪಾಸು, ಅಷ್ಟೆ. ಬೆನ್ನಮೂಳೆ, ಸೊಂಟದ ಮೂಳೆ ಚೂಪಾಗಿ ಎದ್ದು ಕಂಡರೆ ಮಾತ್ರ ಡಾಕ್ಟರಿಗೆ ತೋರಿಸಿ. ಜಂತುಹುಳುವಿನ ಮಾತ್ರೆ ಹಾಕಿ ಎಷ್ಟು ದಿನವಾಯಿತೆಂದೂ ನೋಡಿಕೊಳ್ಳಿ. ಸುಮ್ಮನೆ ಅನ್ನ ಹಾಲು ಸುರಿಯಬೇಡಿ.

ಇನ್ನು ಸೋಫಾ. ದಿನಕ್ಕೆ ಒಂದೂವರೆ ಗಂಟೆ ನಡೆಸುತ್ತೀರಿ, ಕಡಿಮೆಯೇನಲ್ಲ. ಆದರೆ ಅಷ್ಟರಲ್ಲಿ ದಣಿಯುವುದು ನೀವು. ಬಾಜಿಯದು ಕಣ್ಣಿಂದ ಬೇಟೆಯಾಡುವ ಜಾತಿ. ಮುಧೋಳ ಸೀಮೆಯ ಬಯಲಿನಲ್ಲಿ ದೂರದ ಮೊಲ ಕಂಡ ಕೂಡಲೇ ಜಿಗಿದು, ಕೆಲವೇ ನಿಮಿಷ ಜೀವ ಬಿಟ್ಟು ಓಡಿ, ಆಮೇಲೆ ದಿನವಿಡೀ ನೆರಳಲ್ಲಿ ಬಿದ್ದುಕೊಳ್ಳುವ ಮೈ ಅದು. ಪೂರ್ತಿ ವೇಗದಲ್ಲಿದ್ದಾಗ ಗಮನಿಸಿ ನೋಡಿ: ಒಂದೊಂದು ನೆಗೆತಕ್ಕೂ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಒಮ್ಮೆ ಕಾಲುಗಳೆಲ್ಲ ಹೊಟ್ಟೆಯಡಿ ಮುದುಡಿದಾಗ, ಇನ್ನೊಮ್ಮೆ ಹಿಂದೆ ಮುಂದೆ ಚಾಚಿದಾಗ. ಬೆಲ್ಟ್ ಹಿಡಿದು ಫುಟ್‌ಪಾತಿನಲ್ಲಿ ನಡೆಸಿದರೆ ಈ ಓಟದ ಹಸಿವು ಹಾಗೇ ಉಳಿಯುತ್ತದೆ. ಉಳಿದದ್ದು ಸೋಫಾದ ಪಾಲು.

ಆದ್ದರಿಂದ ವಾರಕ್ಕೆ ಮೂರ್ನಾಲ್ಕು ಸಲ, ಬಿಸಿಲೇರುವ ಮುಂಚೆ, ಎತ್ತರದ ಬೇಲಿ ಅಥವಾ ಕಾಂಪೌಂಡ್ ಇರುವ ಜಾಗದಲ್ಲಿ ಹತ್ತು ಹದಿನೈದು ನಿಮಿಷ ಬಿಟ್ಟು ಓಡಿಸಿ. ಪರಿಚಯದವರ ಸೈಟು, ಊರಾಚೆಯ ತೋಟ, ಕೇಳಿದರೆ ಬಿಡುವ ಶಾಲೆಯ ಮೈದಾನ, ಯಾವುದಾದರೂ ಸರಿ. ಉದ್ದನೆ ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೇ ಬಟ್ಟೆ ಕಟ್ಟಿ ನೆಲದ ಮೇಲೆ ಸರ್ರನೆ ಎಳೆದಾಡಿ. ಚೆಂಡು ತರದವನು ಇದರ ಹಿಂದೆ ಪ್ರಾಣ ಬಿಡುತ್ತಾನೆ. ಟೆರೇಸಿನಲ್ಲಿ ಮಾತ್ರ ಖಂಡಿತ ಬೇಡ. ಪಾರಿವಾಳ ಹಾರಿತೆಂದರೆ ಪ್ಯಾರಪೆಟ್ ಗೋಡೆ ಅವನ ಕಣ್ಣಿಗೇ ಬೀಳುವುದಿಲ್ಲ. ಎದೆಗೂಡು ಆಳವಾದ ನಾಯಿ, ಉಂಡ ಕೂಡಲೇ ಓಡಿದರೆ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯವಿದೆ. ಓಟ ಮೊದಲು, ಊಟ ಆಮೇಲೆ.

ಬೆಕ್ಕಿನ ಹಿಂದೆ ಓಡಿದ್ದಕ್ಕೆ ಬೈದು ಪ್ರಯೋಜನವಿಲ್ಲ. ಓಡುವುದು ಕಂಡಾಗ ಅವನಿಗೆ ನಿಮ್ಮ ಕೂಗು ಕೇಳಿಸುವುದಿಲ್ಲ. ಲ್ಯಾಬ್ರಡಾರಿನಂತೆ ಯಜಮಾನನ ಮುಖ ನೋಡಿ ಕೆಲಸ ಮಾಡುವ ನಾಯಿ ಇದಲ್ಲ. ತನ್ನ ತೀರ್ಮಾನ ತಾನೇ ಮಾಡಿಕೊಳ್ಳುತ್ತದೆ. ರಸ್ತೆಯಲ್ಲಿ ಎಂದೂ ಬೆಲ್ಟ್ ಬಿಚ್ಚಬೇಡಿ. ಇವುಗಳ ತಲೆ ಕೊರಳಿಗಿಂತ ಸಣ್ಣದು, ಮಾಮೂಲಿ ಪಟ್ಟಿ ಜಾರಿ ಬರುವುದು ಸಹಜ. ಎಳೆದಾಗ ಒಂದಿಷ್ಟು ಬಿಗಿಯಾಗುವ ಅಗಲವಾದ ಪಟ್ಟಿ ಸಿಗುತ್ತದೆ, ಅಂಗಡಿಯಲ್ಲಿ ಮಾರ್ಟಿಂಗೇಲ್ ಎಂದು ಕೇಳಿ. ಫೋನ್ ನಂಬರಿನ ಬಿಲ್ಲೆ ಅದಕ್ಕಿರಲಿ. ಇದು ಇವತ್ತೇ ಆಗಬೇಕು.

ಹೊಸಬರು ಮೈಮುಟ್ಟುವುದು ಈ ತಳಿಗೆ ಮೊದಲಿನಿಂದಲೂ ಸೇರದು. ಬಂದವರಿಗೆ ಕೂತುಕೊಳ್ಳಲು ಹೇಳಿ, ಅವನ ಕಡೆ ನೋಡದಿರಲಿ, ಬೇಕಿದ್ದರೆ ಅವನೇ ಬಂದು ಮೂಸುತ್ತಾನೆ. ಗುರ್ರೆಂದದ್ದಕ್ಕೆ ಹೊಡೆಯಬೇಡಿ. ಮುನ್ಸೂಚನೆ ಕೊಡಲು ಹೆದರಿದ ನಾಯಿ ಸೀದಾ ಬಾಯಿ ಹಾಕುತ್ತದೆ.

ಕೊಬ್ಬಿಲ್ಲದ ಮೈ, ಕೂದಲೂ ತೆಳು. ಟೈಲ್ಸ್ ನೆಲದ ಮೇಲೆ ಮಲಗಿ ಮೊಣಕೈ ಹುಣ್ಣಾಗುತ್ತದೆ, ದಪ್ಪ ಹಾಸಿಗೆ ಹಾಕಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದಾದರೆ ಇದು ಬೇಟೆನಾಯಿ ಜಾತಿಯೆಂದು ಮುಂಚೆಯೇ ನೆನಪಿಸಿ. ಇಂಥ ಮೈಗೆ ಕೆಲವು ಅರಿವಳಿಕೆ ಔಷಧಿಗಳ ಅಮಲು ಬೇಗ ಇಳಿಯುವುದಿಲ್ಲ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಯಿ ತಂದವರು ಯಜಮಾನರು. ನಡೆಸುವವರು, ಉತ್ತರ ಹೇಳುವವರು, ಅತ್ತೆಯ ಮಾತು ಕೇಳುವವರು ನೀವು. ಮುಧೋಳದ ಘೋರ್ಪಡೆ ರಾಜರು ಸಾಕಿ ಬೆಳೆಸಿದ ತಳಿ, 2005ರಲ್ಲಿ ಐದು ರೂಪಾಯಿಯ ಅಂಚೆಚೀಟಿ ಬಂತು, 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಮರಿಗಳು ಹೋದವು ಎಂದೆಲ್ಲ ಅವರು ನಿಮಗೆ ಹೇಳಿರುತ್ತಾರೆ. ಹೆಮ್ಮೆ ಪಡಲಿ, ತಪ್ಪಿಲ್ಲ. ಅಂಚೆಚೀಟಿಯ ನಾಯಿಯನ್ನು ಬೆಳಗಿನ ಜಾವ ಯಾರೂ ಓಡಿಸಬೇಕಿಲ್ಲ, ಮನೆಯ ನಾಯಿಯನ್ನು ಓಡಿಸಬೇಕು. ರಾತ್ರಿ ತಡವಾಗಿ ಬರುವವರಿಗೆ ಬೆಳಗಿನ ಐದೂವರೆ ಬಿಡುವೇ ಅಲ್ಲವೇ? ಓಟದ ಕೆಲಸ ಪೂರ್ತಿ ಅವರಿಗೆ ವಹಿಸಿ. ಸಂಜೆಯ ನಡಿಗೆ ನಿಮಗಿರಲಿ.

ಹೀಗೆ ಮೂರು ತಿಂಗಳು ನೋಡಿ. ಹದಿನಾಲ್ಕು ತಿಂಗಳೆಂದರೆ ಹುಡುಗಾಟದ ವಯಸ್ಸು, ಎರಡು ತುಂಬುವ ಹೊತ್ತಿಗೆ ಎಷ್ಟೋ ತಣ್ಣಗಾಗುತ್ತಾನೆ. ಯಜಮಾನರು ಏಳುವುದಿಲ್ಲ, ಜಾಗವೂ ಸಿಗುವುದಿಲ್ಲ ಎಂದಾದರೆ ಬೇರೆ ಮನೆ ಹುಡುಕುವುದರಲ್ಲಿ ಪಾಪವಿಲ್ಲ. ಮುಧೋಳದ ಬಳಿ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಊರಿನಲ್ಲಿ ಹೊಲವಿರುವ ನೆಂಟರನ್ನೂ ಕೇಳಿ. ಕೊಡುವ ಮುಂಚೆ ಎರಡು ವಿಷಯ ಬಾಯಿಬಿಟ್ಟು ಕೇಳಿ. ಮೊಲದ ಬೇಟೆಗೆ ಒಯ್ಯುತ್ತಾರೆಯೇ? 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕುತ್ತಾರೆಯೇ? ಹೌದೆಂದರೆ, ನಿಮ್ಮ ಎರಡು ಬೆಡ್‌ರೂಮೇ ಅವನಿಗೆ ವಾಸಿ.