ಗುಮ್ಮ ಇಲ್ಲ ಅನ್ನಬೇಡ

ತಂಗೀ, ಕೂಸಿಗೆ ಮೊಬೈಲಿನಲ್ಲಿ ‘ಮಮ್ಮಿ’ ತೋರಿಸಿದ್ದು ಯಾರೆಂಬ ವಿಚಾರಣೆ ಸಾಕು, ನೋಡಿ ಆಗಿದೆ. ಲೋಹಿತ್ 2016ರಲ್ಲಿ ಮಾಡಿದ ಆ ಸಿನಿಮಾದಲ್ಲಿ ಪ್ರಿಯಾಂಕಾ ಉಪೇಂದ್ರ ಬಸುರಿ ತಾಯಿ, ಯುವಿನಾ ಪಾರ್ಥವಿ ಪುಟ್ಟ ಮಗಳು. ಗಂಡನಿಲ್ಲದ ಮನೆ, ಮಗುವಿನ ಬೆನ್ನು ಹತ್ತಿದ ದೆವ್ವ. ನೀನೂ ಈಗ ಬಸುರಿ, ನಿನ್ನ ಗಂಡ, ನಮ್ಮ ಮಾಣಿ, ಬೆಂಗಳೂರಲ್ಲಿ ನೌಕರಿಯಲ್ಲಿದ್ದಾನೆ. ಕೂಸು ಮೆತ್ತು ಹತ್ತಲು ಹೆದರಿದರೆ ಅಚ್ಚರಿಯೇನು?

‘ಅಲ್ಲಿ ಏನೂ ಇಲ್ಲ, ಸುಮ್ಮನೆ ಮಲಗು’ ಎಂದು ಮಾತ್ರ ಗದರಬೇಡ. ಸಿದ್ದಾಪುರದ ಆಚೆಯ ಈ ಒಂಟಿ ಮನೆಯಲ್ಲಿ, ಮಳೆಗೆ ಕರೆಂಟು ಹೋದ ರಾತ್ರಿ, ಹಂಚಿನ ಮೇಲೆ ಪುನುಗು ಬೆಕ್ಕು ಓಡಿದರೆ ನನ್ನ ಎದೆಯೂ ಧಸಕ್ ಅನ್ನುತ್ತದೆ. ಬೆಳಗಾದ ಮೇಲೆ ಕೈ ಹಿಡಿದು ಮೇಲೆ ಕರೆದೊಯ್ದು, ಅಡಿಕೆ ಚೀಲದ ಸಂದಿಯನ್ನೆಲ್ಲ ತೋರಿಸಿಕೊಂಡು ಬಾ. ಇನ್ನೊಂದು: ತುತ್ತು ನುಂಗಿಸಲು ಸಂಜೆ ನೀನೇ ಕರೆದ ಗುಮ್ಮನನ್ನು ರಾತ್ರಿ ಇಲ್ಲವೆಂದರೆ ಕೂಸು ಯಾವುದನ್ನು ನಂಬಬೇಕು?

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ದೆವ್ವ ಮನೆಯವರದೇ ಧ್ವನಿಯಲ್ಲಿ, ಹೆತ್ತವಳ ಧ್ವನಿಯಲ್ಲೂ, ಕರೆಯುತ್ತದೆಂಬ ಸುದ್ದಿ. ನಮ್ಮ ಯಕ್ಷಗಾನದ ಆಟದ ಪೂತನಿಯೂ ಬರುವುದು ಚೆಲುವೆಯಾಗಿ, ಹಾಲೂಡುವ ನೆಪದಲ್ಲಿ. ಆಯಿ ಆಯಿಯಂತೆ ಇಲ್ಲದಿರುವುದೇ ಮಕ್ಕಳಿಗೆ ದೊಡ್ಡ ಭಯ. ಆಸ್ಟ್ರೇಲಿಯಾದ ಜೆನಿಫರ್ ಕೆಂಟ್ 2014ರ ‘ದಿ ಬಾಬಾಡೂಕ್’ನಲ್ಲಿ ಇದನ್ನೇ ಹಿಡಿದಿದ್ದಾರೆ. ಗಂಡ ಸತ್ತ ದುಃಖ ನುಂಗಿಕೊಂಡು ನಿದ್ದೆಗೆಟ್ಟ ತಾಯಿಯೇ ಕೊನೆಗೆ ಮಗನ ಮೇಲೆ ಎರಗುತ್ತಾಳೆ. (ಅದನ್ನು ನೀನು ಈಗ ನೋಡಬೇಡ, ಹೆರಿಗೆಯಾಗಿ ವರ್ಷ ಕಳೆಯಲಿ.)

ಹಾಗಾಗಿ, ಸೋತು ಸಿಡುಕಿದ ದಿನ ಮಲಗುವ ಮೊದಲು ಹೇಳು: ‘ನಂಗೆ ಸುಸ್ತಾಗಿತ್ತು, ನಿನ್ನ ಮೇಲೆ ಸಿಟ್ಟಿಲ್ಲ.’ ಹೊಟ್ಟೆ ಮುಟ್ಟಿಸು. ಬರುವ ಪಾಪು ತನ್ನ ಆಯಿಯನ್ನು ಕಿತ್ತುಕೊಳ್ಳುತ್ತದೋ ಎಂಬ ಪ್ರಶ್ನೆ ಕೂಸಿನ ಬಾಯಿಗೆ ಬಂದಿಲ್ಲದಿರಬಹುದು, ಮನಸ್ಸಿಗೆ ಬಂದಿರುತ್ತದೆ.

ಯಲ್ಲಾಪುರದಿಂದ ನಿನ್ನ ಆಯಿ ಬಂದು ಉಪ್ಪು-ಮೆಣಸು ನಿವಾಳಿಸುತ್ತೇನೆಂದರೆ ತಡೆಯಬೇಡ. ಮೆಣಸಿನ ಶಕ್ತಿಯ ಬಗ್ಗೆ ನನಗೆ ಅನುಮಾನವಿದೆ. ಅಷ್ಟು ಹೊತ್ತು ಮನೆಮಂದಿಯೆಲ್ಲ ಕೂಸಿನ ಮುಖವನ್ನೇ ನೋಡುತ್ತಾರಲ್ಲ, ಅದರ ಬಗ್ಗೆ ಇಲ್ಲ. ವಾರಗಟ್ಟಲೆ ನಿದ್ದೆಯಲ್ಲಿ ಚೀರಿದರೆ, ಊಟ ಬಿಟ್ಟರೆ, ಶಿರಸಿಗೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸು. ನಿನಗೇ ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ ಅದನ್ನೂ ನಿನ್ನ ಡಾಕ್ಟರಿಗೆ ಹೇಳಿಬಿಡು, ಅವರಾಗಿ ಕೇಳಲಿ ಎಂದು ಕಾಯಬೇಡ.