ಆಗಬೋಟಿನ ಖಲಾಸಿ

‘ಖಲಾಸಿ’ ಎಂಬ ಶಬ್ದವು ರೇಲ್ವೆ ಕಾರಖಾನೆಯ ದೆಸೆಯಿಂದ ಹುಬ್ಬಳ್ಳಿಯವರಿಗೆಲ್ಲ ಪರಿಚಿತವಾದುದು. ಆದರೆ ಶಬ್ದವು ರೇಲ್ವೆಗಿಂತ ಹಳೆಯದು. ಹಡಗಿನ ಆಳಿಗೆ ಸಂದ ಹೆಸರದು. ಇತಿಹಾಸದ ವಿದ್ಯಾರ್ಥಿಯಾದ ನಾನು ಆ ಖಲಾಸಿಯ ಬಾಳನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಬಯಸುತ್ತೇನೆ.

ಹೆಬ್ಬಳ್ಳಿಯಂಥ ಎರೆಮಣ್ಣಿನ ಊರಿನವರಿಗೆ ಸಮುದ್ರದ ಗೊಡವೆ ಏತಕ್ಕೆಂದು ಯಾರಾದರೂ ಕೇಳಬಹುದು. ಉತ್ತರವು ನಮ್ಮ ಹೊಲದಲ್ಲಿಯೇ ಇದೆ. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲಂಡಿಗೆ ಸಾಲದಾಯಿತು. ಆಗ ಧಾರವಾಡ ಜಿಲ್ಲೆಯ ಹತ್ತಿಯು ಘಟ್ಟವಿಳಿದು, ಕುಮಟೆ ಬಂದರದಿಂದ ಮುಂಬಯಿಗೂ ಅಲ್ಲಿಂದ ಲಿವರ್‌ಪೂಲಿಗೂ ಹೋಯಿತು. ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರು. 1869ರಲ್ಲಿ ಸುವೇಜ ಕಾಲುವೆ ತೆರೆದ ಮೇಲೆ ಇಂಥ ಸಾಗಾಟವು ಕ್ರಮೇಣ ಆಗಬೋಟುಗಳ ಪಾಲಾಯಿತು.

ಆಗಬೋಟಿಗೆ ಗಾಳಿ ಬೇಡ, ಕಲ್ಲಿದ್ದಲು ಬೇಕು. ಹಡಗಿನ ತಳದ ಬಾಯ್ಲರ್ ಕೋಣೆಯಲ್ಲಿ ಒಬ್ಬನು ಇದ್ದಲು ಹೊತ್ತು ತರುವನು. ಇನ್ನೊಬ್ಬನು ಉರಿಯುವ ಒಲೆಗೆ ಎಸೆಯುವನು. ನಾಲ್ಕು ತಾಸಿಗೊಂದು ಪಾಳಿ. ಭಾರತೀಯ ಆಳುಗಳ ಮೇಲೆ ಸಾರಂಗ, ಅವನ ಕೈಕೆಳಗೆ ತಾಂಡೇಲ. ಬಿಳಿಯ ನಾವಿಕನ ಸಂಬಳದ ಮೂರರಲ್ಲೊಂದು ಪಾಲು ಅಥವಾ ಅದಕ್ಕೂ ಕಡಿಮೆ ಇವರಿಗೆ ದೊರೆಯುತ್ತಿತ್ತು. 1906ರ ಕಾಯದೆಯು ಬ್ರಿಟಿಶ್ ನಾವಿಕನಿಗೆ 120 ಘನ ಅಡಿ ಸ್ಥಳವನ್ನು ಗೊತ್ತುಪಡಿಸಿದಾಗ ನಮ್ಮವನಿಗೆ ಇದ್ದುದು 36 ಘನ ಅಡಿ ಮಾತ್ರ.

ಅತ್ತ ಅಟ್ಲಾಂಟಿಕ ಮಹಾಸಾಗರದಲ್ಲಿ ಇದೇ ಇದ್ದಲಿನ ಕೆಲಸಕ್ಕೆ ನಿಂತವರಲ್ಲಿ ಐರ್ಲಂಡಿನಿಂದ ಲಿವರ್‌ಪೂಲಿಗೆ ವಲಸೆ ಬಂದ ಮನೆತನಗಳ ಬಡವರು ಬಹಳ. 1845ರಿಂದ ಬಿದ್ದ ಬಟಾಟೆಯ ಬರವು ಅವರಲ್ಲಿ ಎಷ್ಟೋ ಜನರನ್ನು ಊರು ಬಿಡಿಸಿತ್ತು. 1915ರ ಮೇ 7ರಂದು ‘ಲುಸಿಟೇನಿಯಾ’ ಹಡಗು ಐರ್ಲಂಡಿನ ದಂಡೆಯ ಎದುರಿನಲ್ಲಿಯೇ ಮುಳುಗಿದಾಗ ಸುಮಾರು 1,200 ಜನ ಸತ್ತರು; ಅವರಲ್ಲಿ ಇಂಥ ಕುಲುಮೆಯಾಳುಗಳೂ ಇದ್ದರು. ಹಿರಿಯರು ಬಿಟ್ಟುಹೋದ ನಾಡಿನ ಎದುರಿಗೇ ಅವರಿಗೆ ಮರಣ ಒದಗಿತು.

ನಮ್ಮ ಕಡೆಯ ಉದಾಹರಣೆ ‘ತಿಲಾವಾ’. 1942ರ ನವೆಂಬರ 20ರಂದು ಮುಂಬಯಿಯಿಂದ ಆಫ್ರಿಕೆಗೆ ಹೊರಟ ಈ ಹಡಗನ್ನು 23ರಂದು ಜಪಾನಿ ಜಲಾಂತರ್ಗಾಮಿಯು ಮುಳುಗಿಸಿತು. ಅದರಲ್ಲಿದ್ದ 958 ಜನರಲ್ಲಿ 222 ಜನ ಹಡಗಿನ ಕೆಲಸಗಾರರು. ಒಟ್ಟು 280 ಜನ ಮಡಿದರು. ಹಡಗಿನಲ್ಲಿದ್ದ 2,364 ಬೆಳ್ಳಿಯ ಗಟ್ಟಿಗಳನ್ನು 2017ರಲ್ಲಿ ಸಮುದ್ರದ ತಳದಿಂದ ಎತ್ತಲಾಯಿತು. ಅವುಗಳ ಸಲುವಾಗಿ ನಡೆದ ವ್ಯಾಜ್ಯವು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಗಿ 2024ರಲ್ಲಿ ತೀರ್ಪಾಯಿತು. ಬೆಳ್ಳಿಗೆ ವಾರಸುದಾರರು ಹುಟ್ಟಿದರು. ಇದ್ದಲು ಹೊತ್ತವನಿಗೆ ಯಾರು?

ಮುಂಬಯಿಯ ಮಸೀದಿ ಬಂದರದ ನಾವಿಕರ ವಸತಿಗೃಹದಲ್ಲಿ ಒಂದು ಸ್ಮಾರಕವಿದೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ, ಸಮುದ್ರವೇ ಸಮಾಧಿಯಾದ 2,000ಕ್ಕೂ ಹೆಚ್ಚು ನಾವಿಕರ ನೆನಪು ಅದು. ಆದರೆ ಕಲ್ಲಿನ ಮೇಲಿನ ಹೆಸರು ಬಾಳಿನ ಕಥೆಯನ್ನು ಹೇಳಲಾರದು. ಆ ಕಥೆ ಮನೆಗಳಲ್ಲಿ ಉಳಿದಿರುತ್ತದೆ. ಆದುದರಿಂದ ಕಾರವಾರ, ಕುಮಟೆ, ಹೊನ್ನಾವರಗಳಿಂದ ಬಂದ ನಮ್ಮ ಸಹಪಾಠಿಗಳು ರಜೆಯಲ್ಲಿ ಊರಿಗೆ ಹೋದಾಗ, ಹಡಗಿಗೆ ಹೋಗಿ ಮರಳದವರ ವಿಷಯವಾಗಿ ಹಿರಿಯರನ್ನು ಕೇಳಿ ಬರೆದಿಡಬೇಕೆಂದು ನನ್ನ ವಿನಂತಿ. ಹತ್ತಿಯ ದರವನ್ನು ಲೆಕ್ಕವಿಟ್ಟ ಇತಿಹಾಸವು ಅದನ್ನು ಸಾಗಿಸಿದವನನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?